ಸುಣ್ಣದ ಮುಖಕ್ಕೊಂದು ಒಡಪು

"ಅಕ್ಕೋರ್ರೀ... ಈತನ ಮೂಗ ಥೇಟ್ ನಿಮ್ಮಂಗ ಐತ್ರಿ!"

ಒಬ್ಬಳು ಅಂದದ್ದೇ ತಡ, ಒಂಬತ್ತನೇ ಇಯತ್ತೆಯ ಹುಡುಗಿಯರೆಲ್ಲ ಕೆಂಪು ರಿಬ್ಬನ್ನಿನ ಜಡೆಯನ್ನು ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕರು.

ಅವರ ಕನ್ನಡ ಟೀಚರ್ ತಾರಾ ನಗಲಿಲ್ಲ. ಅವಳ ಕೈ ತನಗೆ ಅರಿವಿಲ್ಲದೆ ಮೂಗಿನ ಮೇಲೆ ಹೋಯಿತು.

ಅಥಣಿಯ ಆ ಹಳೆಯ ಬಂಗಲೆಯಲ್ಲಿ ಎಲ್ಲವೂ ಗಾಜಿನ ಹಿಂದೆ ಇತ್ತು. ಹೊಟ್ಟೆಗೆ ಹುಲ್ಲು ತುಂಬಿದ ತೋಳ, ಸೂಜಿ ಚುಚ್ಚಿಸಿಕೊಂಡ ಪಾತರಗಿತ್ತಿ, ಬಾಟಲಿಯಲ್ಲಿ ಸುತ್ತಿಕೊಂಡ ಹಾವು. ಎಂದೋ ಬಂದು ಎಂದೋ ಹೋದ ಒಬ್ಬ ಇಂಗ್ರೇಜಿ ಸಾಹೇಬ ಕೂಡಿಸಿಟ್ಟದ್ದಂತೆ. ಈಗ ಅದು ಊರಿನ ವಿಜ್ಞಾನ ಸಂಗ್ರಹಾಲಯ.

ಕೊನೆಯ ಕಪಾಟಿನಲ್ಲಿ ಮಾತ್ರ ಪ್ರಾಣಿಯಿರಲಿಲ್ಲ. ಮನುಷ್ಯನ ಮುಖವಿತ್ತು.

ಸುಣ್ಣದಂತೆ ಬೆಳ್ಳಗಿನ ಮುಖ. ಕಣ್ಣು ಮುಚ್ಚಿತ್ತು. ತುಟಿ ಬಿಗಿದಿತ್ತು. ಕೆಳಗೊಂದು ಚೀಟಿ: 'ಕುರಿಗಾರ ಜಾತಿ. ಮಾದರಿ ಮುಖ. ಗಂಡು. ಮೂಗು ಅಗಲ.'

"ಇದು ಪ್ಲಾಸ್ಟರಿನ ಅಚ್ಚು," ಎಂದು ಹಿಂದಿನಿಂದ ಯಾರೋ ವಿವರಿಸತೊಡಗಿದರು. "ಜೀವಂತ ಮನುಷ್ಯಾನ ಮಾರಿಗೆ ಮೆತ್ತಿ ತಗದದ್ದು. ಮೂಗಿನ ಅಗಲಾ, ತಲಿ ಉದ್ದಾ ಅಳದು, ಯಾವ ಜಾತಿ ಮ್ಯಾಲ, ಯಾವ ಜಾತಿ ಕೆಳಗ ಅಂತ ಆಗ ಸಾಹೇಬ್ರು ತೀರ್ಮಾನಾ ಮಾಡತಿದ್ರು..."

ತಾರಾ ಸರಕ್ಕನೆ ತಿರುಗಿದಳು.

ಕೈಯಲ್ಲಿ ಬೆತ್ತ ಹಿಡಿದ ತರುಣ. ಬಿಳಿ ಅಂಗಿ, ಕಣ್ಣಲ್ಲಿ ಹೊಸ ಕೆಲಸದ ಉಮೇದು.

"ಈತನ ಹೆಸರೇನ್ರಿ?" ಎಂದಳು.

"ನನ್ನ ಹೆಸರೇನ್ರಿ? ರಾಜಾರಾಮ..."

"ನಿಮ್ಮದಲ್ಲ! ಈತಂದು."

ಅವನು ತಡವರಿಸಿದ. "ಹೆಸರ... ಬರದಿಲ್ಲರಿ."

"ಆ ತೋಳಕ್ಕ ಹೆಸರ ಬರದೈತಿ. ಗುಬ್ಬಿಗೆ ನಮ್ಮದೊಂದ ಹೆಸರು, ಇಂಗ್ರೇಜಿದೊಂದ ಹೆಸರು, ಎರಡೆರಡ ಅದಾವು. ಈತಗ ಅವ್ವ ಅಪ್ಪ ಒಂದರೆ ಇಟ್ಟಿರಬೇಕಲ್ರಿ?"

ಹುಡುಗಿಯರ ನಗು ನಿಂತಿತು. ರಾಜಾರಾಮನ ಬೆತ್ತ ತಾನಾಗಿ ಕೆಳಗಿಳಿಯಿತು.

"ನಾ ಇಲ್ಲಿ ಬಂದು ಆರ ತಿಂಗಳಾತ್ರಿ ಅಕ್ಕೋರ..." ಎಂದ ಮೆಲ್ಲಗೆ. "ದಿನಾ ಈತನ ಧೂಳಾ ಒರಸತೀನಿ. ಒಮ್ಮೆನೂ ಕೇಳಿಲ್ಲ ನೋಡ್ರಿ."

ಆ ಒಂದು ಮಾತಿಗೆ ತಾರಾಳ ಸಿಟ್ಟು ಅರ್ಧ ಇಳಿಯಿತು. 'ತಪ್ಪು ಅಂದಕೂಡಲೇ ಒಪ್ಪಿಕೊಳ್ಳೋ ಗಂಡಸು...' ಎಂದು ಮನಸ್ಸು ಸಣ್ಣಗೆ ಅಂದುಕೊಂಡಿತು.

ಪಾಪ, ಆ ಮನಸ್ಸಿಗೆ ಮುಂದಿನದು ಏನು ಗೊತ್ತು!

* * *

ಅದು ಎಂಬತ್ತೇಳನೆಯ ಇಸವಿ. ಶನಿವಾರ ಅರ್ಧ ದಿನದ ಶಾಲೆ. ಹಾಸ್ಟೆಲಿಗೆ ಹೋಗುವ ದಾರಿಯಲ್ಲೇ ಸಂಗ್ರಹಾಲಯ. ತಾರಾ ಮೊದಲ ಶನಿವಾರ ಆ ಮುಖ ನೋಡಲು ಹೋದಳು. ಆಮೇಲೆ... ಮುಖ ನೋಡುವ ನೆಪದಲ್ಲಿ ಹೋದಳು.

ರಾಜಾರಾಮ ಐನಾಪುರದ ದ್ರಾಕ್ಷಿ ತೋಟದ ಮನೆಯವನು. ಕಾಗದದ ಪೊಟ್ಟಣದಲ್ಲಿ ಒಣದ್ರಾಕ್ಷಿ ತಂದು ಮೇಜಿನ ಮೇಲೆ ಇಡುತ್ತಿದ್ದ, ತಗೊಳ್ಳಿ ಎನ್ನುತ್ತಿರಲಿಲ್ಲ. ಅವಳೂ ಕೊಡಿ ಎನ್ನುತ್ತಿರಲಿಲ್ಲ. ಮಾತು ಮುಗಿಯುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿರುತ್ತಿತ್ತು.

ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ನಮ್ಮವ್ವ ಸೋನಾಬಾಯಿ ದಿನಾ ಅಂತಾಳ, ಸತ್ತ ಹಕ್ಕಿ ಕಾಯೋದು ಬಿಟ್ಟು ಮನಿಗಿ ಬಾ, ಜೀವಂತ ಹಕ್ಕಿ ದ್ರಾಕ್ಷಿ ತಿನ್ನಾಕತ್ತಾವು ಅಂತ!"

ತಾರಾ ನಕ್ಕುಬಿಟ್ಟಳು. ನಕ್ಕದ್ದು ತನಗೇ ಕೇಳಿ ನಾಚಿದಳು.

ಒಂದು ಶನಿವಾರ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು.

"ನಾನೂ ಕುರಿಗಾರರ ಮಗಳ್ರಿ. ಮುಗಳಖೋಡದ ಜಕ್ಕಪ್ಪನ ಮಗಳು, ತಾರವ್ವ. ಶಾಲ್ಯಾಗ ಬರೇ ತಾರಾ ಅಂತ ಬರಸೀನಿ. ಒಮ್ಮೆ ಸ್ಟಾಫ್ ರೂಮಿನ್ಯಾಗ ಯಾರೋ, 'ಎಲ್ಲಿಂದರೆ ಕಂಬಳಿ ವಾಸನಿ ಬರಾಕತ್ತೈತಿ' ಅಂತ ನಕ್ರು. ಅವತ್ತಿನಿಂದ ನಾ ಊರಿನ ಮಾತ ಎತ್ತೂದ ಬಿಟ್ಟೀನಿ."

ಹೇಳುತ್ತ ಹೇಳುತ್ತ ಅಜ್ಜಿಯ ಕತೆಯೂ ಹೊರಬಂತು. ಅಜ್ಜಿ ಸಾವಿತ್ರೆವ್ವನನ್ನು ಅವಳು ಆಯಿ ಎಂದು ಕರೆಯುತ್ತಿದ್ದಳು.

ಆಯಿ ಸಣ್ಣವಳಿದ್ದಾಗ ಹೊಳೆಯ ದಂಡೆಯಲ್ಲಿ ಕುರಿ ನಿಲ್ಲಿಸಿದ್ದರಂತೆ. ಒಬ್ಬ ಅಳತೆ ಸಾಹೇಬ ಗುಮಾಸ್ತನ ಜೊತೆ ಬಂದ. ಆಯಿಯ ಅಪ್ಪನನ್ನು ಅಂಗಾತ ಮಲಗಿಸಿ, ಮೂಗಿನ ಹೊಳ್ಳೆಗೆ ಎರಡು ಕೊಳವೆ ಇಟ್ಟು, ಮುಖದ ತುಂಬ ಬಿಳಿ ಹಿಟ್ಟು ಮೆತ್ತಿದ. ಗುಮಾಸ್ತ ಕೇಳಿದ, "ಇವನ ಹೆಸರೇನು?" ಮಲಗಿದವನ ಬಾಯಿ ಮುಚ್ಚಿತ್ತು. ಪಕ್ಕದಲ್ಲಿ ನಿಂತವಳು ಹೆಂಡತಿ.

ಹೆಂಡತಿ ಗಂಡನ ಹೆಸರು ಹೇಳುವುದುಂಟೇ? ಮದುವೆಯಲ್ಲಿ, ಸೀಮಂತದಲ್ಲಿ, ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಮಾತ್ರ, ಎರಡು ಸಾಲಿನ ಒಡಪಿನಲ್ಲಿ ಸೇರಿಸಿ ಹೇಳುವುದು. ಅದು ಹೆಂಡತಿಗೊಬ್ಬಳಿಗೇ ಇರುವ ಹಕ್ಕು. ಪರ ಗಂಡಸರ ಎದುರು, ಹೆಣದಂತೆ ಮಲಗಿದ ಗಂಡನ ಮುಂದೆ ಒಡಪು ಹಾಕುವುದೆಂದರೆ? ಅವಳು ಸೆರಗು ಕಚ್ಚಿಕೊಂಡು ನಿಂತಳು. ಗುಮಾಸ್ತ ಏನೋ ಬರೆದುಕೊಂಡು ಹೋದ.

"ಆಯಿ ಇನ್ನೂ ಅಂತಾಳ್ರಿ, ನಮ್ಮಪ್ಪನ ಮಾರಿ ಒಯ್ದರು, ನಮ್ಮವ್ವ ಹೆಸರ ಕೊಡಲಿಲ್ಲ ಅಂತ. ಈಗ ಆಕಿಗೆ ಕಣ್ಣಾಗ ಪೂರಾ ಪೊರಿ ಬಂದೈತಿ. ಆದ್ರ ಕೈಲೆ ಮುಟ್ಟಿದ್ರ ಗುರ್ತ ಹಿಡೀತೀನಿ ಅಂತಾಳ."

ರಾಜಾರಾಮ ಕುರ್ಚಿಯಿಂದ ಎದ್ದೇಬಿಟ್ಟ. "ತಾರಾ! ಹಂಗಾದ್ರ ಈ ಮುಖ..."

"ಇರಬಹುದು. ಇರಲಿಕ್ಕಿಲ್ಲ."

"ಕರಕೊಂಡ ಬರೂಣು ಆಯೀನ. ನಾನ ಬಂದು ಕರಕೊಂಡ ಬರ್ತೀನಿ. ಮೊದಲ ಅವರು ಮುಟ್ಟಲಿ. ಉಳದದ್ದೆಲ್ಲಾ ಆಮ್ಯಾಲ. ನನ್ನಾಣಿ!"

ಆ ಆಣೆಯನ್ನು ತಾರಾ ಹಾಲಿನ ಪಾತ್ರೆಯಂತೆ ಎದೆಗವಚಿಕೊಂಡು ಹೋದಳು. ಆ ವಾರವೇ ಒಂದು ಕವಿತೆ ಬರೆದಳು. ಅವನಿಗೊಬ್ಬನಿಗೇ ಕೊಟ್ಟಳು.

"ಯಾರಿಗೂ ತೋರಸಬ್ಯಾಡ್ರಿ. ನನ್ನ ಹೆಸರ ಎಲ್ಲೂ ಬರಬಾರದು."

"ಇಲ್ಲ," ಎಂದ. ಓದುತ್ತ ಅವನ ಕಣ್ಣು ತುಂಬಿತು.

ತನಗಾಗಿ ಕಣ್ಣು ತುಂಬಿಕೊಂಡವನನ್ನು ಯಾವ ಹೆಣ್ಣು ನಂಬುವುದಿಲ್ಲ, ಹೇಳಿ?

* * *

ಡಿಸೆಂಬರಿನಲ್ಲಿ ಸಂಗ್ರಹಾಲಯದ ವಾರ್ಷಿಕೋತ್ಸವ. ಬೆಳಗಾವಿಯಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ಎಲ್ಲ ಶಾಲೆಗಳಿಗೂ ಆಮಂತ್ರಣ. ಎರಡು ಶನಿವಾರದಿಂದ ರಾಜಾರಾಮ, "ಭಾಳ ಕೆಲಸ ಐತಿ ತಾರಾ, ಆಯೀನ ಹಬ್ಬಾ ಮುಗದಮ್ಯಾಲ ಕರಕೊಂಡ ಬರೂಣು," ಎನ್ನುತ್ತಿದ್ದ. ಅವಳು ತಲೆಯಾಡಿಸಿದ್ದಳು.

ಹುಡುಗಿಯರ ಸಾಲಿನ ಮುಂದೆ ಒಳಗೆ ಬಂದಳು. ಕೊನೆಯ ಕಪಾಟಿನ ಮುಂದೆ ಜನ ಮುತ್ತಿದ್ದರು. ಹೊಸ ದೀಪ. ಹೊಸ ಬಣ್ಣ.

ಸುಣ್ಣದ ಮುಖದ ಪಕ್ಕ, ಗಾಜಿನ ಹಿಂದೆ, ಚೌಕಟ್ಟು ಹಾಕಿದ ಒಂದು ಹಾಳೆ. ದುಂಡಗಿನ ಅಕ್ಷರ. ರಾಜಾರಾಮನ ಕೈಬರಹ.

*ಗಾಜಿನ ಆಚೆ ನೀನು, ಈಚೆ ನಾನು.*
*ತೋಳಕ್ಕೆ ಹೆಸರುಂಟು, ಗುಬ್ಬಿಗೂ ಉಂಟು,*
*ನಿನಗೆ ಮಾತ್ರ ಮೂಗಿನ ಅಳತೆ.*
*ಮುತ್ತ್ಯಾ,*
*ನಿನ್ನ ಬಾಯಿಗೆ ಸುಣ್ಣ ಮೆತ್ತಿ*
*ನೀನು ಮಾತಾಡಲಿಲ್ಲವೆಂದು ಬರೆದುಕೊಂಡರು.*

ಕೆಳಗೊಂದು ಚೀಟಿ: 'ಒಬ್ಬ ಕುರಿಗಾರ ಹೆಣ್ಣುಮಗಳ ಹಾಡು. ಗಂಡನ ಹೆಸರು ಹೇಳಬಾರದೆಂಬ ಈ ಜಾತಿಯ ಪದ್ಧತಿಯಿಂದ ಮುಖಕ್ಕೆ ಹೆಸರಿಲ್ಲ.'

ಅವಳು ಆ ಚೀಟಿಯನ್ನು ಇನ್ನೊಮ್ಮೆ ಓದಿದಳು.

"ವಾ! ಕುರಿ ಕಾಯೋ ಮಂದ್ಯಾಗೂ ಇಂಥಾ ಭಾವನೆ ಇರ್ತಾವ ನೋಡ್ರಿ!" ಎಂದರು ಅಧಿಕಾರಿ, ತಲೆದೂಗಿ. "ಒಳ್ಳೇ ಮಾದರಿ ಹುಡಿಕೀರಿ ರಾಜಾರಾಮ. ನಿಮ್ಮ ಕೆಲಸ ಕಾಯಂ ಆದಂಗ ತಿಳೀರಿ."

ಮಾದರಿ...! ಆ ಮುಖದ ಚೀಟಿಯಲ್ಲಿದ್ದ ಅದೇ ಮಾತು!

ನಗುತ್ತ ತಿರುಗಿದ ರಾಜಾರಾಮ ಅವಳನ್ನು ಕಂಡ. ನಗು ಅವನ ಮುಖದಲ್ಲೇ ಸತ್ತಿತು.

ಅವಳು ಹುಡುಗಿಯರನ್ನು ಜೊತೆಯ ಟೀಚರಿಗೆ ಒಪ್ಪಿಸಿ ಹೊರಗೆ ನಡೆದಳು. ಗೇಟಿನ ಬೇವಿನ ಮರದ ಹತ್ತಿರ ಅವನು ಓಡಿಬಂದ.

"ತಾರಾ, ನಿಲ್ಲ್ರಿ! ನಿಮ್ಮ ಹೆಸರ ಹಾಕಿಲ್ಲ. ನೀವ ಬ್ಯಾಡ ಅಂದಿದ್ರಿ. ಮಾತ ಉಳಿಸಿಕೊಂಡೀನಿ..."

"ಹೆಸರ ಹಾಕಬ್ಯಾಡ ಅಂದ್ನಿ. ಯಾರಿಗೂ ತೋರಸಬ್ಯಾಡ ಅಂತನೂ ಅಂದಿದ್ನಿ. ನನ್ನನ್ನ ಕಪಾಟಿನ್ಯಾಗ ಇಡ್ರಿ ಅಂದಿದ್ನೇನು?"

"ಮಂದಿ ಓದಲಿ ಅಂತ... ಅಷ್ಟ ಛಲೋ ಕವಿತಾ..."

"ಆಯಿ ಮೊದಲ ಮುಟ್ಟಲಿ ಅಂದಿದ್ರಿ. ಆಣಿ ಮಾಡಿದ್ರಿ. ಆಯಿಗಿಂತ ಮೊದಲ ಬೆಳಗಾವಿ ಸಾಹೇಬ್ರು ಬಂದ್ರು!" ಅವಳ ದನಿ ಒಡೆಯಿತು. "ನಮ್ಮ ಮುತ್ತವ್ವ ಹೆಸರ ನುಂಗಿದ್ದು ಗಂಡನ ಮ್ಯಾಲಿನ ಮರ್ಯಾದಿಗೆ. ಅದನ್ನ ನೀವು ತಪ್ಪಂತ ಬರದ್ರಿ. ಕೇಳಾಕ ಬಂದವರಿಗೆ ಕೇಳೂದು ಗೊತ್ತಿರಲಿಲ್ಲ ಅಂತ ಯಾಕ ಬರೀಲಿಲ್ಲ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಆ ಸಾಹೇಬ ಸುಣ್ಣಾ ಮೆತ್ತಿ ತಗೊಂಡಾ. ನೀವು ಸಕ್ಕರಿ ಮೆತ್ತಿ ತಗೊಂಡ್ರಿ. ಅಚ್ಚ ಮಾತ್ರ ಒಂದ ಐತಿ, ರಾಜಾರಾಮ!"

ಮೊದಲ ಬಾರಿಗೆ ಅವಳು ಅವನ ಹೆಸರು ಹಿಡಿದು ಕರೆದಿದ್ದಳು. ಎಷ್ಟು ರಾತ್ರಿ ಆ ಹೆಸರನ್ನು ಮನಸ್ಸಿನಲ್ಲೇ ಹೇಗೆ ಹೇಗೋ ಉಚ್ಚರಿಸಿ ನೋಡಿದ್ದಳು... ಇಂಥ ದಿನ, ಇಂಥ ದನಿಯಲ್ಲಿ ಹೊರಬೀಳುತ್ತದೆಂದು ಅಂದುಕೊಂಡಿರಲಿಲ್ಲ.

* * *

ರಜೆ ಬರೆದುಕೊಟ್ಟು ಬಸ್ ಹತ್ತಿದಳು. ಕೃಷ್ಣೆಯ ಸೇತುವೆ ದಾಟುವಾಗ ಕಿಟಕಿಯ ಹೊರಗೆ ಮುಖ ಹಾಕಿ ಅತ್ತಳು. ಗಾಳಿಗೆ ಕಣ್ಣೀರು ಕಿವಿಯ ಕಡೆ ಹರಿಯಿತು.

ಮುಗಳಖೋಡದ ಮನೆಯಲ್ಲಿ ಆಯಿ ಒಬ್ಬಳೇ. ಅಪ್ಪ, ಅವ್ವ ಕುರಿಗಳ ಹಿಂದೆ ಕಬ್ಬು ಕಡಿದ ಹೊಲಗಳಿಗೆ ಹೋಗಿದ್ದರು. ಪಡಸಾಲೆಯಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದ ಆಯಿ ಹೆಜ್ಜೆಯ ಸದ್ದಿಗೇ ಅಂದಳು, "ತಾರವ್ವಾ, ಯಾಕ ಬೇ? ಅಳಕೋತ ಬಂದಿ."

"ಅತ್ತಿಲ್ಲ ಬಿಡಾಯಿ."

"ಕಣ್ಣ ಹೋಗ್ಯಾವ. ಕಿವಿ ಅದಾವ. ಮೂಗ ಸೊರ್ ಅನ್ನಾಕತ್ತೈತಿ."

ತಾರಾ ತೊಡೆಯ ಮೇಲೆ ಬಿದ್ದು ಎಲ್ಲ ಹೇಳಿದಳು. ಆಯಿಯ ಉಣ್ಣೆ ಹತ್ತಿದ ಬೆರಳು ತಲೆಗೂದಲಲ್ಲಿ ಆಡುತ್ತಿತ್ತು.

"ಛಲೋ ಬೈದಿ," ಎಂದಳು ಕೊನೆಗೆ. "ಇನ್ನೊಂದ ನಾಕ ಬೈಬೇಕಿತ್ತು. ಆದ್ರ ಒಂದ ಮಾತ ಕೇಳ್ತೀನಿ. ನಮ್ಮವ್ವ ಹೆಸರ ನುಂಗಿದ್ದು ಮರ್ಯಾದಿಗೆ. ನೀ ನಿನ್ನ ಹೆಸರ ಯಾತಕ್ಕ ನುಂಗಿದಿ?"

ತಾರಾ ಆಯಿಯ ಸೀರೆಯಲ್ಲಿ ಮುಖ ಹುದುಗಿಸಿದಳು.

"ಕಂಬಳಿ ವಾಸನಿ ಬರತೈತಂತ?"

ತಾರಾ ತಟ್ಟನೆ ತಲೆಯೆತ್ತಿದಳು. ಆಯಿಗೆ ಅದನ್ನು ಯಾವತ್ತೂ ಹೇಳಿರಲಿಲ್ಲ! ಆದರೆ ಊರಿಗೆ ಬಂದಾಗೆಲ್ಲ, ಹೊರಡುವ ಮುಂಚೆ ಮೊಮ್ಮಗಳು ಸೀರೆ ಝಾಡಿಸಿ ಝಾಡಿಸಿ ಮಡಚುವುದನ್ನು ಆ ಕಿವಿ ಕೇಳಿತ್ತು.

"ಆತ ಮಾಡಿದ್ದು ಮೋಸನ," ಎಂದಳು ಆಯಿ. "ಅದು ಆತನ ತಲಿ ಮ್ಯಾಲ. ನೀ ನಾಚಗೊಂಡದ್ದು ನಿನ್ನ ತಲಿ ಮ್ಯಾಲ. ಎರಡೂ ಕೂಡಿಸಿ ಒಂದ ಗಂಟ ಕಟ್ಟಿ ಆತಗ ಹೊರಸಬ್ಯಾಡ."

* * *

ಮರುವಾರದ ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು.

ರಾಜಾರಾಮ. ಮೈತುಂಬ ಬಸ್ಸಿನ ಧೂಳು. ಎರಡೂ ಕೈಯಲ್ಲಿ, ಹೊಸ ಬಾಣಂತಿ ಕೂಸು ಹಿಡಿದಂತೆ, ಬಿಳಿ ಧೋತರದಲ್ಲಿ ಸುತ್ತಿದ ಏನನ್ನೋ ಹಿಡಿದಿದ್ದ.

ತಾರಾ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಮುಖ ಕಲ್ಲಾಗಿತ್ತು.

"ಯಾಕ ಬಂದ್ರಿ? ಇನ್ನೂ ಏನರೆ ಅಳತಿ ಉಳದೈತೇನು?"

"ಉಳದೈತ್ರಿ. ನನ್ನ ಆಣಿ." ಅವನು ಹೊಸ್ತಿಲು ದಾಟಲಿಲ್ಲ. "ಆಯೀನ ಅಲ್ಲಿಗೆ ಕರಕೊಂಡ ಹೋಗೂದು ತಪ್ಪು ಅನಿಸ್ತು. ಒಯ್ದವರ ತಂದ ಕೊಡಬೇಕು. ಮ್ಯಾಲಿನವರಿಗೆ ಹೇಳಿದ್ನಿ. ಬ್ಯಾಡ ಅಂದ್ರು. ಹೇಳಿನ ತಂದೀನಿ, ಕದ್ದ ತಂದಿಲ್ಲ."

"ಕೆಲಸ?"

"ಕಾಯಂ ಆಗಾಂಗಿಲ್ಲ. ಇರತೈತೋ ಇಲ್ಲೋ ಅದೂ ಗೊತ್ತಿಲ್ಲ." ಧೋತರದ ಗಂಟನ್ನು ಎದೆಗವಚಿ, ಒಂದು ಕೈಯಿಂದ ಜೇಬಿನ ಮಡಚಿದ ಹಾಳೆ ತೆಗೆದು ಹೊಸ್ತಿಲ ಮೇಲೆ ಇಟ್ಟ. ಅವಳ ಕವಿತೆ. "ಅವತ್ತ ಸಂಜಿಗೇ ಇಳಿಸೀನಿ. ನಿಮ್ಮ ಹೆಸರ ಮುಚ್ಚಿಟ್ಟು ಮಾತ ಉಳಿಸೀನಿ ಅಂತ ನನಗ ನಾನ ಹೇಳಕೊಂಡಿದ್ದೆ. ಖರೇ ಹೇಳ್ತೀನಿ, ಕೇಳಿದ್ರ ನೀವು ಬ್ಯಾಡ ಅಂತಿದ್ರಿ. ಅದಕ್ಕ ಕೇಳಲಿಲ್ಲ. ಕೆಲಸದ ಆಸೆ ಇತ್ತು."

ಅವಳು ಆ ಮಾತು ನಿರೀಕ್ಷಿಸಿರಲಿಲ್ಲ. ಸುಳ್ಳು ಸಮಾಧಾನ ಹೇಳಿದ್ದರೆ ಬಾಗಿಲು ಹಾಕುವುದು ಎಷ್ಟು ಸುಲಭವಿತ್ತು...!

"ಯಾರ ಬೇ ಅದು? ಬಿಸಲಾಗ ನಿಲ್ಲಿಸಿ ಪಂಚಾಯ್ತಿ ಮಾಡಾಕತ್ತಿ? ಒಳಗ ಬರ್ರಿ!" ಎಂದಳು ಆಯಿ.

ಅವನು ಕಂಬಳಿಯ ಮೇಲೆ ಮಂಡಿಯೂರಿ ಕೂತು, ಧೋತರ ಬಿಚ್ಚಿ, ಆ ಮುಖವನ್ನು ಆಯಿಯ ಮಡಿಲಲ್ಲಿ ಇಟ್ಟ.

ಆಯಿಯ ಬೆರಳು ಮೊದಲು ಗಲ್ಲ ಮುಟ್ಟಿತು. ತುಟಿ. ಮೂಗು. ಆಮೇಲೆ ಎಡ ಹುಬ್ಬಿನ ಮೇಲೆ ಹತ್ತಿ, ಅಲ್ಲಿದ್ದ ಸಣ್ಣ ತಗ್ಗಿನಲ್ಲಿ ನಿಂತುಬಿಟ್ಟಿತು.

"ತೋಳ ಪರಚಿದ್ದು..." ಎಂದಳು ಉಸಿರಿನಲ್ಲಿ. "ಮರಿ ಬಿಡಸಾಕ ಹೋಗಿ ಪರಚಿಸಿಕೊಂಡಿದ್ದ. ನನ್ನ ಎತ್ತಿಕೊಂಡಾಗೆಲ್ಲಾ ಇಲ್ಲಿ ಬೆರಳ ಇಡತಿದ್ನಿ. ಅಪ್ಪಾ! ಎಷ್ಟ ತಣ್ಣಗಾಗೀಯೋ ನನ್ನಪ್ಪಾ...!"

ಮುದುಕಿ ಕೂಸಾಗಿ ಅತ್ತಳು. ತಾರಾ ಅತ್ತಳು. ರಾಜಾರಾಮ ತಲೆಯೆತ್ತಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಆಯಿ ಸೆರಗಿನಿಂದ ಆ ಸುಣ್ಣದ ಕೆನ್ನೆ ಒರೆಸಿದಳು. ಬೆನ್ನು ನೆಟ್ಟಗೆ ಮಾಡಿ, ತನ್ನ ತಾಯಿ ಅಂದು ನುಂಗಿದ್ದ ಒಡಪನ್ನು, ತಾಯಿಯದೇ ರಾಗದಲ್ಲಿ ಹೇಳಿದಳು.

"*ಕೃಷ್ಣಾ ಹೊಳಿ ದಂಡ್ಯಾಗ ಕುರಿ ಹಿಂಡಿನ ದಾರಿ,*
*ಹೊತ್ತ ಮುಳಗೂ ಯಾಳೆಕ ಬರ್ತಾರ ನಮ್ಮ ಮಲಕಾರಿ.*"

ಮಲಕಾರಿ! ಮನೆಯೊಳಗೆ ಆ ಹೆಸರು ದೀಪ ಹಚ್ಚಿದಂತೆ ನಿಂತಿತು.

"ಬರಕೋರಿ ತಮ್ಮಾ," ಎಂದಳು ಆಯಿ. "ಮತ್ತ ಒಂದ ಮಾತು. ಅಪ್ಪ ಮನಿಗಿ ಬಂದಾನ. ಇನ್ನ ಹೊಳ್ಳಿ ಕಳಸಾಂಗಿಲ್ಲ."

ತಾರಾ ಅವನ ಮುಖ ನೋಡಿದಳು. ಬರಿಗೈಯಲ್ಲಿ ಹೋದರೆ ಏನಾಗುತ್ತದೆಂದು ಅವನಿಗೂ ಗೊತ್ತಿತ್ತು.

"ಹೌದ್ರಿ ಆಯಿ," ಎಂದ. "ಮನಿ ಇದ್ದವರು ಕಪಾಟಿನ್ಯಾಗ ಯಾಕ ಇರಬೇಕು?"

* * *

ಸಂಜೆಯ ಬಸ್ಸಿಗೆ ಅವನನ್ನು ಬಿಡಲು ತಾರಾ ಹೋದಳು. ಆಯಿಯೇ ದೂಡಿ ಕಳಿಸಿದ್ದಳು. ಬರುವಾಗ ಮುಖವನ್ನು ಕಂಬಳಿಯ ಮೇಲಿಟ್ಟು, ಹಣೆಗೆ ಅರಿಶಿನದ ಭಂಡಾರ ಹಚ್ಚಿ, ಮುಂದೆ ರೊಟ್ಟಿ ಇಟ್ಟು ಬಂದಿದ್ದರು. ಇಬ್ಬರ ಬೆರಳಿಗೂ ಅರಿಶಿನ ಹತ್ತಿತ್ತು.

"ಆ ಕಪಾಟಿನ್ಯಾಗ ಏನಿಡ್ತೀರಿ ಈಗ?" ಎಂದಳು.

"ಏನಿಲ್ಲ. ಚೀಟಿ ಒಂದು. 'ಮಲಕಾರಿ, ಮುಗಳಖೋಡ. ಮನೆಗೆ ಹೋಗಿದ್ದಾರೆ.'"

ತಾರಾ ಮಡಚಿದ ಹಾಳೆಯನ್ನು ಅವನ ಕೈಗೆ ಕೊಟ್ಟಳು.

"ಅದರ ಬಾಜೂಕ ಇದನ್ನ ಹಚ್ಚ್ರಿ. ಈಗ ನಾ ಹೇಳಾಕತ್ತೀನಿ. ಕೆಳಗ ಹೆಸರ ಬರೀರಿ. ತಾರಾ ಅಲ್ಲ, ತಾರವ್ವ. ಪೂರ್ತಿ."

"ತಾರವ್ವ..." ಅವನು ಆ ಹೆಸರನ್ನು ಎಚ್ಚರದಿಂದ ಹೇಳಿದ. "ನನ್ನ ಮ್ಯಾಲಿನ ಸಿಟ್ಟು?"

"ಐತಿ. ಇನ್ನೂ ಭಾಳ ದಿನಾ ಇರತೈತಿ. ಒಡದ ಗಡಿಗಿ ಕೂಡಸಾಕ ಯಾಳೆ ಹಿಡೀತೈತ್ರಿ."

"ಕಾಯತೀನಿ."

ಬಸ್ಸು ಬಂತು. ಅವನು ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಅವಳು ನೆಲ ನೋಡುತ್ತ, ಯಾರಿಗೂ ಅಲ್ಲ ಎಂಬಂತೆ, ಮೆಲ್ಲಗೆ ಅಂದಳು.

"*ಕರಿಯ ಕಂಬಳಿ ಮ್ಯಾಲ ಭಂಡಾರದ ಘಮಾ,*
*ಕಳದ ಹೆಸರ ಕರಕೊಂಡ ಬಂದಾರ ರಾಜಾರಾಮ.*"

ಅವನ ಕಾಲು ಮೆಟ್ಟಿಲ ಮೇಲೆಯೇ ನಿಂತಿತು. ಒಡಪಿನಲ್ಲಿ ಹೆಸರು ಹೇಳುವ ಹಕ್ಕು ಯಾರಿಗಿರುತ್ತದೆಂದು ಐನಾಪುರದವರಿಗೂ ಗೊತ್ತಿತ್ತು.

"ತಾರವ್ವಾ! ಏನಂದ್ರಿ? ಇನ್ನೊಮ್ಮೆ..."

"ಒಡಪಾ ಹಂಗ ಬಸ್ ಸ್ಟ್ಯಾಂಡಿನ್ಯಾಗ ಎರಡ ಸಲ ಹೇಳಾಂಗಿಲ್ಲರಿ." ಅವಳ ಅಗಲ ಮೂಗಿನ ತುದಿ ಕೆಂಪಾಗಿತ್ತು. "ಮತ್ತ ಕೇಳಬೇಕಂದ್ರ ನಿಮ್ಮವ್ವ ಸೋನಾಬಾಯಿ ನಮ್ಮ ಕಂಬಳಿ ಮ್ಯಾಲ ಬಂದು ಕುಂಡ್ರಬೇಕು."

"ಕುಂಡ್ರಲಿಲ್ಲಂದ್ರ?"

"ಕೇಳ್ರಿ. ಈ ಸಲ ಮೊದಲ ಅವರನ್ನ ಕೇಳ್ರಿ."

"ಕೇಳ್ತೀನಿ," ಎಂದ ರಾಜಾರಾಮ.